ವೈಟ್ ದ್ವೀಪದ ರೈಲಿಗೆ ಅಪ್ಪನನ್ನು ಕರೆದೊಯ್ಯಬಹುದೇ?

ಪ್ರಶ್ನೆ (ಸೌತಾಂಪ್ಟನ್‌ನಿಂದ)
ಅಪ್ಪ ಅಮ್ಮ ಊರಿನಿಂದ ಬಂದಿದ್ದಾರೆ. ಅಪ್ಪ ಸಕಲೇಶಪುರದಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವರು. ಲಂಡನ್ನಿನ ಅರಮನೆ ಎಂದರೆ "ಟಿವಿಯಲ್ಲಿ ನೋಡಿದ್ದೇನೆ" ಎನ್ನುತ್ತಾರೆ. ಇಂಗ್ಲೆಂಡಿನ ದಕ್ಷಿಣ ಕರಾವಳಿಯಾಚೆಯ ವೈಟ್ ದ್ವೀಪದಲ್ಲಿ (Isle of Wight) ರೈಡ್ ಊರಿನಿಂದ ಶಾಂಕ್ಲಿನ್‌ಗೆ ರೈಲು ಇದೆಯಂತೆ, ಹದಿನಾಲ್ಕು ಕಿಲೋಮೀಟರೂ ಇಲ್ಲ. ಅಷ್ಟಕ್ಕಾಗಿ ಕಡಲು ದಾಟುವುದು ದಂಡವೇ? ಅಮ್ಮನಿಗೆ ಮಂಡಿನೋವು ಬೇರೆ.

ಉತ್ತರ (ಪೋರ್ಟ್ಸ್‌ಮೌತ್‌ನಿಂದ)
ಸ್ಟೇಷನ್ ಮಾಸ್ಟರರ ಮಗ ಕೇಳುವ ಮಾತೇ ಇದು!

ಪೋರ್ಟ್ಸ್‌ಮೌತ್ ಹಾರ್ಬರ್ ನಿಲ್ದಾಣದ ಪಕ್ಕದಲ್ಲೇ ಹಡಗು ಹತ್ತಿ. ಅದು ರೈಡ್‌ನಲ್ಲಿ ಇಳಿಸುವುದು ದಡದಲ್ಲಲ್ಲ, ಕಡಲೊಳಗೆ ಸುಮಾರು 700 ಮೀಟರ್ ಚಾಚಿದ ಜೆಟ್ಟಿಯ ತುದಿಯಲ್ಲಿ. ರೈಲು ಅಲ್ಲಿಗೇ ಬರುತ್ತದೆ, ಅಮ್ಮ ಹೆಚ್ಚು ನಡೆಯಬೇಕಾಗಿಲ್ಲ. ಇಳಿತದ ಹೊತ್ತಿಗೆ ಅಲ್ಲಿ ನೀರು ಬಹುದೂರ ಸರಿದು ಮರಳು ಬಯಲಾಗುತ್ತದೆ. 1814ರಲ್ಲಿ ಜೆಟ್ಟಿ ಆಗುವ ಮೊದಲು ಬಂದವರು ಆ ಹಸಿ ಮರಳನ್ನು ತುಳಿದೇ ಊರು ಸೇರಬೇಕಿತ್ತು. ತುದಿಯವರೆಗೆ ರೈಲು ಬಂದದ್ದು 1880ರಲ್ಲಿ.

ಬೋಗಿಯನ್ನು ಅಪ್ಪ ತಟ್ಟಿ ನೋಡಲಿ. 1980ರ ಸುಮಾರಿಗೆ ಲಂಡನ್ನಿನ ಡಿಸ್ಟ್ರಿಕ್ಟ್ ಎಂಬ ಭೂಗತ ರೈಲುಮಾರ್ಗಕ್ಕೆಂದು ಕಟ್ಟಿದವು, ಅಲ್ಲಿ ನಿವೃತ್ತಿ ಪಡೆದು ಹೊಸ ಮೈ ತೊಟ್ಟು 2021ರ ನವೆಂಬರಿನಿಂದ ಇಲ್ಲಿ ದುಡಿಯುತ್ತಿವೆ. ಇವಕ್ಕೂ ಮೊದಲಿದ್ದವು 1938ರ ಮಾದರಿಯ ಸುರಂಗ ರೈಲುಗಳು! ರೈಡ್‌ನ ಸುರಂಗದ ಮಾಡು ತಗ್ಗು. ಎತ್ತರದ ಬೋಗಿ ಅದರಲ್ಲಿ ನುಗ್ಗಲಾರದು.

ಇನ್ನೊಂದು ಉತ್ತರ
ಜೆಟ್ಟಿ ಸರಿ, ಆದರೆ ದಾರಿಯಲ್ಲಿ ಸಿಗುವ ಬ್ರೇಡಿಂಗ್ ನಿಲ್ದಾಣದಲ್ಲಿ ಇಳಿಯದೆ ಬರಬೇಡಿ. ಒಂಟಿ ಹಳಿಯ ಮಾರ್ಗವಲ್ಲವೇ, ಎದುರು ಗಾಡಿಯ ಕ್ರಾಸಿಂಗ್ ನೋಡದೆ ನಿಮ್ಮ ಅಪ್ಪನಿಗೆ ಸಮಾಧಾನವಾಗದು. ಅಲ್ಲಿ ಹಿಂದೆ ಕಿತ್ತಿದ್ದ ಎರಡನೇ ಹಳಿಯನ್ನು 2021ರಲ್ಲಿ ಮತ್ತೆ ಹಾಕಿದರು. ಹಳೆಯ ಸಿಗ್ನಲ್ ಕ್ಯಾಬಿನ್ನನ್ನೂ ಉಳಿಸಿಕೊಂಡಿದ್ದಾರೆ. ದ್ವೀಪದ ಹಳೆಯ ಉಗಿಬಂಡಿ ಓಡುವ ದಿನವಾದರೆ ಅದಕ್ಕೆ ಸ್ಮಾಲ್‌ಬ್ರೂಕ್ ಜಂಕ್ಷನ್‌ನಲ್ಲಿ ಬದಲಾಯಿಸಿ. ಆ ನಿಲ್ದಾಣಕ್ಕೆ ರಸ್ತೆಯೇ ಇಲ್ಲ, ರೈಲಿನಲ್ಲಿ ಬಂದು ರೈಲಿನಲ್ಲೇ ಹೋಗಬೇಕು.

ಪ್ರಶ್ನೆ ಕೇಳಿದವನು
ಹೋಗಿ ಬಂದೆವು. ಜೆಟ್ಟಿಯ ಹಲಗೆಗಳ ಸಂದಿನಲ್ಲಿ ನೀರು ಕಂಡು ಅಮ್ಮ ನನ್ನ ತೋಳು ಬಿಡಲಿಲ್ಲ. ರಸ್ತೆಯಿಲ್ಲದ ನಿಲ್ದಾಣದ ಬಗ್ಗೆ ಅಪ್ಪನದು ಒಂದೇ ಪ್ರಶ್ನೆ: "ಮಾಸ್ಟರ್‌ಗೆ ಹಾಲು ಎಲ್ಲಿಂದ ಬರುತ್ತದೆ?" ಅಲ್ಲಿ ಮಾಸ್ಟರೇ ಇಲ್ಲ ಎಂದೆ, ನಂಬಲಿಲ್ಲ. ಬ್ರೇಡಿಂಗ್‌ನಲ್ಲಿ ಎದುರು ಗಾಡಿ ಹೊರಟಾಗ ಹಸಿರು ಬಾವುಟ ಹಿಡಿದವರಂತೆ ಕೈ ಚಾಚಿ, ಕೊನೆಯ ಬೋಗಿ ದಾಟುವವರೆಗೂ ಇಳಿಸಲಿಲ್ಲ.