ಅಪ್‌ಡೇಟ್: ಪಿಎಸ್‌ಪಿಯಲ್ಲಿ ಕೊನೆಗೂ ಬಯಲಾಟ ನೋಡಿದೆ

ಮೊಬೈಲಿನಲ್ಲಿ ಚಿತ್ರೀಕರಿಸಿದ ನಮ್ಮೂರಿನ ಬಯಲಾಟದ ವಿಡಿಯೋ, ಸೋನಿಯ ಕೈಯಲ್ಲಿ ಹಿಡಿದು ಆಡುವ ಗೇಮ್ ಸಾಧನವಾದ ಪಿಎಸ್‌ಪಿಯಲ್ಲಿ ತೆರೆಯುತ್ತಿಲ್ಲ ಎಂದು ಕಳೆದ ವಾರ ಕೇಳಿದ್ದೆ. ಈಗ ಸರಿಯಾಗಿದೆ, ಎಲ್ಲರಿಗೂ ಧನ್ಯವಾದ.

ಕಡತದ ಹೆಸರಿನ ಕೊನೆಯನ್ನು ಎಂಪಿ4 ಎಂದು ಬದಲಿಸಿದ್ದು, ಪಿಎಸ್‌ಪಿಯ ಮೆಮೊರಿ ಸ್ಟಿಕ್ (ಮೆಮೊರಿ ಕಾರ್ಡ್) ಫಾರ್ಮ್ಯಾಟ್ ಮಾಡಿದ್ದು ಎರಡೂ ವ್ಯರ್ಥವಾದವು. ಫಲ ಕೊಟ್ಟದ್ದು ಹ್ಯಾಂಡ್‌ಬ್ರೇಕ್ (ವಿಡಿಯೋದ ರೂಪ ಬದಲಿಸುವ ತಂತ್ರಾಂಶ) ಬಳಸಿ ಎಂದವರ ಸಲಹೆ. ಅದರಲ್ಲಿ ಚಿತ್ರದ ಗಾತ್ರ 480×272 ಪಿಕ್ಸೆಲ್, ವಿಡಿಯೋ ಸಂಕೋಚನ ವಿಧಾನ ಎಚ್.264, ಧ್ವನಿಯದ್ದು ಎಎಸಿ ಎಂದು ಇಟ್ಟೆ. ಮೊದಲ ಸಲ ಎಚ್.264ರ 'ಹೈ ಪ್ರೊಫೈಲ್' ಎಂಬ ಆಯ್ಕೆಯಲ್ಲೇ ಬಿಟ್ಟಿದ್ದರಿಂದ ಓಡಲಿಲ್ಲ. ಮೇನ್ ಪ್ರೊಫೈಲ್‌ಗೆ ಬದಲಿಸಿದ ಕೂಡಲೇ ಓಡಿತು.

ನನಗೆ ಗೊತ್ತೇ ಇರದಿದ್ದ ಸಂಗತಿಯೊಂದಿದೆ: ಕಡತವನ್ನು ಮೆಮೊರಿ ಸ್ಟಿಕ್‌ನಲ್ಲಿ 'ವಿಡಿಯೋ' ಎಂಬ ಫೋಲ್ಡರಿನಲ್ಲಿ ಹಾಕಬೇಕು. ಫೋಲ್ಡರಿನ ಹೆಸರು ಇಂಗ್ಲಿಷ್ ದೊಡ್ಡ ಅಕ್ಷರಗಳಲ್ಲಿರಲಿ (VIDEO). ಅದು 'ಪಿಎಸ್‌ಪಿ' ಫೋಲ್ಡರಿನ ಒಳಗಲ್ಲ, ಪಕ್ಕದಲ್ಲಿರಬೇಕು.

ನಿನ್ನೆ ಉಡುಪಿಯಿಂದ ಮಂಗಳೂರಿಗೆ ಹೋಗುವಾಗ ಬಸ್ಸಿನಲ್ಲಿ ಕುಳಿತು ನೋಡಿದೆ. ಅಷ್ಟು ಚಿಕ್ಕ ಪರದೆಯಲ್ಲೂ ವೇಷದ ಬಣ್ಣಗಳು ಸ್ಪಷ್ಟವಾಗಿದ್ದವು, ಚೆಂಡೆಯ ಪೆಟ್ಟು ಒಂದೂ ತಪ್ಪಲಿಲ್ಲ.