ಹಿಂದಿನ ಚಕ್ರದ ಮೇಲೆ ನಿಲ್ಲಲು ಕಲಿಯುವುದು: ನನ್ನ ಅನುಭವ

ಸೈಕಲ್ ಟ್ರಯಲ್ಸ್, ಅಂದರೆ ಪಾದ ನೆಲಕ್ಕೂರದೆ ಕಲ್ಲು-ಕಟ್ಟೆಗಳನ್ನು ಸೈಕಲ್ಲಿನಲ್ಲಿ ದಾಟುವ ಆಟ, ಕಲಿಯಲು ಹೊರಟು ಮೂರು ತಿಂಗಳಾಯಿತು, ಹಿಂದಿನ ಚಕ್ರದ ಮೇಲೆ ಎರಡು ಜಿಗಿತ ಹಾಕುವಷ್ಟರಲ್ಲಿ ಮುಂದಿನ ಚಕ್ರ ನೆಲಕ್ಕೆ ಬೀಳುತ್ತದೆ, ತೋಳಿನಲ್ಲಿ ಬಲ ಸಾಲದೇ ಎಂದು ಕೇಳಿದ್ದೀರಿ. ತೋಳಿನ ಬಲಕ್ಕೂ ಇದಕ್ಕೂ ಸಂಬಂಧ ಬಹಳ ಕಡಿಮೆ. ನಾನೂ ಹಾಗೆಯೇ ಎಣಿಸಿ, ಹ್ಯಾಂಡಲ್ ಜಗ್ಗಿ ಜಗ್ಗಿ ಒಂದು ಇಡೀ ಬೇಸಿಗೆಯನ್ನು ಕಳೆದೆ. ದಾರಿ ತೆರೆದದ್ದು ಹಿಂದಿನ ಬ್ರೇಕಿನ ಮೇಲಿದ್ದ ಒಂದು ಬೆರಳಿನಿಂದ.

ಈ ಆಟದ ಹುಟ್ಟನ್ನು ನೆನೆದರೆ ವಿಷಯ ತಿಳಿಯುತ್ತದೆ. ಸ್ಪೇನಿನ ಕ್ಯಾಟಲೋನಿಯಾದ ಮೋಟಾರ್‌ಸೈಕಲ್ ಟ್ರಯಲ್ಸ್ ಸವಾರ ಪೆರೆ ಪಿ ತನ್ನ ಮಗ ಓಟ್ ಪಿ ಅದೇ ಕೌಶಲವನ್ನು ಸೈಕಲ್ಲಿನಲ್ಲಿ ಕಲಿಯಲೆಂದು ಇದನ್ನು ರೂಪಿಸಿದರು. ಮೋಟಾರ್‌ಸೈಕಲ್ಲಿನಲ್ಲಿ ಕ್ಲಚ್ ಬಿಟ್ಟೊಡನೆ ಗಾಡಿ ಚಿಮ್ಮುತ್ತದೆ. ಸೈಕಲ್ಲಿಗೆ ಕ್ಲಚ್ ಇಲ್ಲ. ಆ ಕೆಲಸವನ್ನು ಹಿಂದಿನ ಬ್ರೇಕ್ ಮಾಡುತ್ತದೆ. ಬ್ರೇಕ್ ಹಿಡಿದೇ ಮುಂದಿನ ಪೆಡಲ್ ಒತ್ತಿ, ಸರಪಳಿ ಬಿಗಿಯಾದ ಮೇಲೆ ಬೆರಳು ಸಡಿಲಿಸಿದರೆ ಸೈಕಲ್ ತಾನಾಗಿ ಮೇಲೇಳುತ್ತದೆ. ಚಕ್ರ ಕಾಲು ಸುತ್ತು ತಿರುಗುವ ಮೊದಲೇ ಮತ್ತೆ ಬಿಗಿಹಿಡಿಯಬೇಕು.

ಮೇಲೆದ್ದ ಬಳಿಕ ಭಂಗಿ ನೋಡಿಕೊಳ್ಳಿ. ತೋಳುಗಳು ನೇರವಾಗಿರಲಿ, ಹ್ಯಾಂಡಲ್ ಸೊಂಟದ ಹತ್ತಿರಕ್ಕೆ ಬರಲಿ, ಮೊಣಕಾಲು ತುಸು ಮಡಿಚಿರಲಿ, ಮೈಭಾರ ಹಿಂದಿನ ಅಚ್ಚಿನ ಮೇಲೆ ಕೂರಲಿ. ಮೊಣಕೈ ಮಡಿಚಿದರೆ ಮೈ ಮುಂದಕ್ಕೆ ವಾಲುತ್ತದೆ. ನಿಮ್ಮ ಮುಂದಿನ ಚಕ್ರ ಬೀಳುವುದಕ್ಕೆ ಇದೇ ಕಾರಣವಿರಬೇಕು. ಜಿಗಿತ ಮೊಣಕಾಲಿನಿಂದ ಬರಬೇಕು, ಚಿಕ್ಕದಾಗಿರಬೇಕು. ಎಡಕ್ಕೆ ವಾಲಿದರೆ ಎಡಕ್ಕೇ ಜಿಗಿಯಿರಿ, ಹಿಂದಕ್ಕೆ ವಾಲಿದರೆ ಹಿಂದಕ್ಕೆ. ಚಕ್ರವನ್ನು ಮೈಯ ಕೆಳಗೆ ತರುವುದೇ ಸಮತೋಲನ. ಮುಂದಕ್ಕೆ ಬೀಳುವಂತಾದರೆ ಮಾತ್ರ ಬ್ರೇಕ್ ಒಂದಿಷ್ಟು ಬಿಟ್ಟು ಪೆಡಲ್ ಒತ್ತಿ. ಇದನ್ನೇ ದೊಡ್ಡದು ಮಾಡಿದರೆ ಪೆಡಲ್ ಕಿಕ್. ಒಂದು ಕಲ್ಲಿನಿಂದ ಇನ್ನೊಂದಕ್ಕೆ ಹಾರುವ ವಿದ್ಯೆಯೆಲ್ಲ ಇದರ ಮೇಲೆ ನಿಂತಿದೆ.

ಆದರೆ ಇದೆಲ್ಲಕ್ಕೂ ಮೊದಲು ಹಿಂದಕ್ಕೆ ಇಳಿಯುವುದನ್ನು ಕಲಿಯಿರಿ. ಹುಲ್ಲಿನ ಮೇಲೆ ಬೇಕೆಂದೇ ಹಿಂದಕ್ಕೆ ವಾಲಿ, ಎರಡೂ ಪಾದ ನೆಲಕ್ಕೂರಿ, ಸೈಕಲ್ಲನ್ನು ಕೈಯಲ್ಲೇ ಮುಂದೆ ಹಿಡಿದುಕೊಳ್ಳಿ. ಇಪ್ಪತ್ತು ಬಾರಿ ಮಾಡಿದರೆ ಬೆನ್ನ ಮೇಲೆ ಬೀಳುವ ಭಯ ಕರಗುತ್ತದೆ. ಆ ಭಯ ಇರುವವರೆಗೂ ಮೈ ಹಿಂದಕ್ಕೆ ಹೋಗುವುದೇ ಇಲ್ಲ. ಸೀಟು ಪೂರ್ತಿ ಇಳಿಸಿರಬೇಕು, ಮೊಣಕಾಲಿನ ಕೆಳಗಿನ ಮುಂಬದಿಗೆ ರಕ್ಷಾಕವಚ ಬೇಕು, ಹೆಲ್ಮೆಟ್ ಬೇಕೇ ಬೇಕು.

ಸಲಕರಣೆಯ ಬಗ್ಗೆ ಎರಡು ಮಾತು. ಒಂದೇ ಬೆರಳಿನಲ್ಲಿ ಹಿಡಿದಾಗ ಹಿಂದಿನ ಚಕ್ರ ಕಿಂಚಿತ್ತೂ ಜಾರಬಾರದು. ಒಮ್ಮೆ ಸರಪಳಿಗೆ ಹಾಕಿದ ಎಣ್ಣೆ ರಿಮ್ಮಿಗೆ ಸಿಡಿದಿದ್ದನ್ನು ನಾನು ಗಮನಿಸಲಿಲ್ಲ. ಕಟ್ಟೆಯಂಚಿನಲ್ಲಿ ಬ್ರೇಕ್ ಜಾರಿ ಮಣಿಕಟ್ಟು ಉಳುಕಿತು. ಅಂದಿನಿಂದ ಪ್ರತಿ ಸಲವೂ ರಿಮ್ ಒರೆಸಿಯೇ ಹತ್ತುತ್ತೇನೆ. ಇನ್ನೊಂದು ಫ್ರೀವೀಲ್, ಅಂದರೆ ಪೆಡಲನ್ನು ಮುಂದಕ್ಕೆ ಒತ್ತಿದಾಗ ಮಾತ್ರ ಕಚ್ಚಿ, ಮಿಕ್ಕ ಹೊತ್ತು ಪೊಳ್ಳಾಗಿ ತಿರುಗುವ ಹಲ್ಲುಚಕ್ರ. 18 ಕಡೆ ಕಚ್ಚುವ ಸಾಧಾರಣ ಫ್ರೀವೀಲ್ ಪೆಡಲ್ ಒತ್ತಿದಾಗ ಕಚ್ಚುವ ಮೊದಲು 20 ಡಿಗ್ರಿಯವರೆಗೆ ಪೊಳ್ಳಾಗಿ ತಿರುಗಬಹುದು. ಟ್ರಯಲ್ಸ್‌ಗೆಂದೇ ಬರುವ 108 ಕಚ್ಚಿನ ಫ್ರೀವೀಲಿನಲ್ಲಿ ಅದು ಮೂರು ಡಿಗ್ರಿ ಚಿಲ್ಲರೆ. ಸಾಧಾರಣ ಸೈಕಲ್ಲಿನಲ್ಲೂ ಕಲಿಯಬಹುದು, ಆದರೆ ಪೆಡಲ್ ಕಚ್ಚಿದೆಯೇ ಎಂದು ಪಾದದಲ್ಲಿ ಅರಿತುಕೊಂಡ ಮೇಲೆಯೇ ಬ್ರೇಕ್ ಬಿಡಬೇಕು. ಗೇರ್ ಹಗುರವಾದದ್ದೇ ಇರಲಿ. ಸರಪಳಿ ಹಾರುವಂತಿದ್ದರೆ ಅಭ್ಯಾಸ ನಿಲ್ಲಿಸಿ. ಮೊಣಕಾಲು ಹ್ಯಾಂಡಲಿಗೆ ಬಡಿಯುತ್ತದೆ.

ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಮುಂಗೈ ದಣಿದ ಮೇಲೆ ಬೆರಳು ತಡವಾಗಿ ಮುಚ್ಚುತ್ತದೆ, ತಪ್ಪು ಅಭ್ಯಾಸ ಅಂಟಿಕೊಳ್ಳುತ್ತದೆ. ಮೊಬೈಲನ್ನು ಪಕ್ಕದಲ್ಲಿಟ್ಟು ವೀಡಿಯೊ ತೆಗೆದು ಮೊಣಕೈ ನೋಡಿ. ನಿಮ್ಮ ಯಾವ ಪಾದ ಮುಂದಿರುತ್ತದೆ, ಹಿಂದೆ ಡಿಸ್ಕ್ ಬ್ರೇಕ್ ಇದೆಯೇ ರಿಮ್ ಬ್ರೇಕ್ ಇದೆಯೇ ಎಂದು ತಿಳಿಸಿದರೆ ಇನ್ನಷ್ಟು ಬರೆಯುತ್ತೇನೆ.