ಕೆಲಸದ ಒತ್ತಡದಿಂದಲೇ ಹೃದಯಕ್ಕೆ ತೊಂದರೆಯಾಗಬಹುದೇ?

ಪ್ರಶ್ನೆ (ಸುರತ್ಕಲ್):
ನನ್ನ ಅಣ್ಣನಿಗೆ 42 ವರ್ಷ; ಸಾಲ ವಸೂಲಿ ವಿಭಾಗದಲ್ಲಿ ಕೆಲಸ. ರಾತ್ರಿ ಗಂಜಿಯೂಟಕ್ಕೆ ಕುಳಿತಾಗಲೂ ಕಚೇರಿಯಿಂದ ಫೋನ್ ಬಂದರೆ ಬಟ್ಟಲನ್ನು ಹಾಗೆಯೇ ಬಿಟ್ಟು ಏಳುತ್ತಾರೆ. ಇತ್ತೀಚೆಗೆ ನಿದ್ದೆ ಕೆಟ್ಟಿದೆ, ರಕ್ತದೊತ್ತಡವೂ ಏರಿದೆ. ಇದಕ್ಕೆ ಕೆಲಸವೇ ಕಾರಣವಿರಬಹುದೇ?

ಉತ್ತರ (ಮಣಿಪಾಲ):
ಇರಬಹುದು. ಒತ್ತಡ ದಿನವೂ ಮುಂದುವರಿದರೆ, ಒತ್ತಡದ ಹಾರ್ಮೋನುಗಳಾದ ಅಡ್ರಿನಲಿನ್, ಕಾರ್ಟಿಸೋಲ್‌ಗಳ ಪ್ರಭಾವದಿಂದ ಏರಿದ ಎದೆಬಡಿತಕ್ಕೂ ರಕ್ತದೊತ್ತಡಕ್ಕೂ ಇಳಿಯಲು ಬಿಡುವು ಸಿಗದೆ, ರಕ್ತನಾಳಗಳ ಒಳಪದರ ಕ್ರಮೇಣ ಹಾನಿಗೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗಳು 2021ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ. 35ರಷ್ಟು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾವಿನ ಅಪಾಯ ಸುಮಾರು ಶೇ. 17ರಷ್ಟು ಹೆಚ್ಚು.

ಉತ್ತರ (ಉಡುಪಿ):
ದಣಿದವರು ನಡಿಗೆಯನ್ನು ಬಿಡುತ್ತಾರೆ, ಸಿಗರೇಟು ಹೆಚ್ಚಿಸುತ್ತಾರೆ. ನನ್ನ ಮಟ್ಟಿಗೆ ಇದೂ ಅಷ್ಟೇ ಗಂಭೀರವಾದದ್ದು. ಸಕ್ಕರೆ, ಕೊಲೆಸ್ಟ್ರಾಲ್, ಇಸಿಜಿ ಪರೀಕ್ಷೆಗಳನ್ನು ಮಾಡಿಸಿ. ಎದೆ ಬಿಗಿದು, ನೋವು ದವಡೆಗೋ ಎಡಗೈಗೋ ಹರಡಿ, ಬೆವರು ಕಿತ್ತುಬಂದರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಕಾಯಬೇಡಿ, ದಯವಿಟ್ಟು ತಕ್ಷಣ 108ಕ್ಕೆ ಕರೆ ಮಾಡಿ.

ಪ್ರಶ್ನೆ ಕೇಳಿದವರು:
ಅತ್ತಿಗೆಗೂ ಇದನ್ನು ಓದಿ ಹೇಳಿದ್ದೇನೆ. ಈ ವಾರವೇ ಅಣ್ಣನನ್ನು ವೈದ್ಯರ ಬಳಿ ಕರೆದೊಯ್ಯುತ್ತೇವೆ.